ಕಡಗದೊಳಗಿನ ಕೆಂಪು

ನಾಡಿಪಟ್ಟಿ ಕಡ್ಡಾಯವಾದ ಮೊದಲ ವರ್ಷ, ಕೆಲಸದ ವೇಳೆಯಲ್ಲಿ ಹೃದಯಾಘಾತದಿಂದ ಸಾಯುವವರ ಸಂಖ್ಯೆ ರಾಜ್ಯದಲ್ಲಿ ಕಾಲುಭಾಗ ಇಳಿಯಿತು. ಎರಡನೆಯ ವರ್ಷ ಇನ್ನಷ್ಟು ಇಳಿಯಿತು. ಹಾಗಾಗಿ ಮೂರನೆಯ ವರ್ಷದ ಬೇಸಿಗೆಯಲ್ಲಿ, ಗದಗಿನ ಪ್ರಾದೇಶಿಕ ವಿದ್ಯುತ್ ನಿಯಂತ್ರಣ ಕೊಠಡಿಯ ನೀಲಾಂಬಿಕಾ ಅಂಗಡಿಯವರ ಮೇಜಿಗೆ ಎರಡನೇ ಸಲ ಬೀಗ ಬಿದ್ದಾಗ, ಪಟ್ಟಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅನುಮಾನ ಬಂದದ್ದು ನೀಲಾಂಬಿಕಾ ಅವರ ಮೇಲೆ.

ಪಟ್ಟಿ ನೋಡಲು ಸಾದಾ ಕೈಗಡಿಯಾರದಂತಿತ್ತು. ಒಳಮೈಯಲ್ಲಿದ್ದ ಸಣ್ಣ ದೀಪ ಚರ್ಮದ ಕೆಳಗಿನ ರಕ್ತದ ಮೇಲೆ ಬೆಳಕು ಬಿಡುತ್ತಿತ್ತು. ಮರಳಿ ಬಂದ ಬೆಳಕಿನಿಂದ ಎರಡು ಸಂಗತಿ ತಿಳಿಯುತ್ತಿತ್ತು: ಎದೆ ಎಷ್ಟು ವೇಗವಾಗಿ ಬಡಿಯುತ್ತಿದೆ, ಸಣ್ಣ ರಕ್ತನಾಳಗಳು ಎಷ್ಟು ಬಿಗಿದಿವೆ. ಪಟ್ಟಿ ಎರಡನ್ನೂ ಕೂಡಿಸಿ ಒಂದು ಅಂಕಿ ಮಾಡುತ್ತಿತ್ತು. ಅದಕ್ಕೆ ಒತ್ತಡಾಂಕ ಎಂದು ಹೆಸರು. ಅಂಕಿ ಕಡಿಮೆಯಿದ್ದರೆ ಹೊರಮೈಯಲ್ಲಿ ಹಸಿರು, ನಡುವಿದ್ದರೆ ಹಳದಿ, ಗಡಿ ದಾಟಿದರೆ ಕೆಂಪು ದೀಪ ಮತ್ತು ಕೀಂ ಕೀಂ ಎಂಬ ಸದ್ದು. ಕೆಂಪು ಎರಡು ನಿಮಿಷ ಇಳಿಯದಿದ್ದರೆ ಆ ವ್ಯಕ್ತಿಯ ಕೆಲಸದ ಮೇಜಿಗೆ ತಾನಾಗಿ ಬೀಗ ಬಿದ್ದು, ಪಕ್ಕದವರಿಗೆ ಅಧಿಕಾರ ಹೋಗುತ್ತಿತ್ತು. ಮೂರು ಸಲ ಬೀಗ ಬಿದ್ದವರನ್ನು ಖಾಯಂ ಆಗಿ ಹಗುರ ಕೆಲಸಕ್ಕೆ ಹಾಕಬೇಕೆಂಬುದು ನಿಯಮ.

ಜನ ಇದಕ್ಕೆ ಬೇಗ ಒಗ್ಗಿಕೊಂಡಿದ್ದರು. ಹೆಣ್ಣು ನೋಡಲು ಬಂದವರು ಹುಡುಗಿಯ ಹಾಡಿನ ಜತೆ ಪಟ್ಟಿಯನ್ನೂ ಕೇಳುತ್ತಿದ್ದರು. ತಾಳಿ ಕಟ್ಟುವಾಗ ಕೆಂಪಾಗುವ ವರನ ಮಣಿಕಟ್ಟಿಗೆ ಫೋಟೊದವನೇ ಮಲ್ಲಿಗೆ ಸುತ್ತುತ್ತಿದ್ದ. ಹಿರಿಯರು ತಲೆ ಮುಟ್ಟಿ 'ಹಸಿರಾಗಿರು' ಎನ್ನುವುದು ಆಶೀರ್ವಾದವಾಗಿತ್ತು.

ನೀಲಾಂಬಿಕಾ ಸಂಜೆ ಪಾಳಿಯ ಮುಖ್ಯ ನಿಯಂತ್ರಕಿ. ಉತ್ತರದ ಜಿಲ್ಲೆಗಳಲ್ಲಿ ಹಗಲೆಲ್ಲ ವಿದ್ಯುತ್ ಕೊಡುವ ಸೌರಫಲಕಗಳು ಹೊತ್ತು ಮುಳುಗುವಾಗ ಒಟ್ಟಿಗೇ ಸೋಲುತ್ತವೆ. ಅದೇ ಹೊತ್ತಿಗೆ ಮನೆಮನೆಯಲ್ಲಿ ದೀಪ ಹತ್ತುತ್ತದೆ. ಉತ್ಪಾದನೆಯೂ ಬಳಕೆಯೂ ಸಮ ಇದ್ದರೆ ಜಾಲದ ಆವರ್ತನ, ಅಂದರೆ ಫ್ರೀಕ್ವೆನ್ಸಿ, ಐವತ್ತು ಹರ್ಟ್ಸ್‌ನಲ್ಲಿ ನಿಲ್ಲುತ್ತದೆ, ಬಳಕೆ ಮೇಲಾದರೆ ಇಳಿಯುತ್ತದೆ. ತೀರ ಇಳಿದರೆ ಯಂತ್ರಗಳು ತಮ್ಮನ್ನು ಉಳಿಸಿಕೊಳ್ಳಲು ಊರಿಗೂರನ್ನೇ ಕತ್ತಲೆಗೆ ತಳ್ಳುತ್ತವೆ. ಅದಾಗದಂತೆ ಅಣೆಕಟ್ಟಿನ ವಿದ್ಯುದಾಗಾರಕ್ಕೆ ಹೇಳಿ, ಬ್ಯಾಟರಿ ಕೇಂದ್ರಕ್ಕೆ ಹೇಳಿ, ಪಂಪ್‌ಸೆಟ್ಟುಗಳ ಸಾಲು ಬಿಡಿಸಿ, ಸಮ ಮಾಡುವುದು ಅವರ ಕೆಲಸ. ಆ ಹೊತ್ತಿಗೆ ಅವರು ಕುರ್ಚಿ ಹಿಂದೆ ತಳ್ಳಿ ಎದ್ದು ನಿಲ್ಲುತ್ತಿದ್ದರು. ಎದೆ ಬಡಿಯುತ್ತಿತ್ತು. ಹದಿನಾರು ವರ್ಷ ಹೀಗೆಯೇ ನಡೆದಿತ್ತು.

ಎರಡನೇ ಬೀಗ ಬಿದ್ದ ಸಂಜೆ, ಆವರ್ತನ ಇಳಿಯುತ್ತಿದ್ದ ನಡುವೆಯೇ ಅಧಿಕಾರ ಪಕ್ಕದ ಮೇಜಿನ ಫಕೀರೇಶನಿಗೆ ಹೋಯಿತು. ಕೆಲಸಕ್ಕೆ ಸೇರಿ ವರ್ಷ ಆಗಿರದ ಅವನು ಪರದೆ ನೋಡಿ ಏನಾಗಿದೆಯೆಂದು ತಿಳಿಯುವಷ್ಟರಲ್ಲಿ ಎರಡು ತಾಲ್ಲೂಕು ಕತ್ತಲಾದವು.

ಮರುದಿನ ಕೊಠಡಿಯ ಮುಖ್ಯಸ್ಥ ಪಟ್ಟಣಶೆಟ್ಟಿ ನೀಲಾಂಬಿಕಾ ಅವರನ್ನು ಕರೆಸಿದರು. ಎತ್ತಿದ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರದ ಮನುಷ್ಯ ಪಟ್ಟಣಶೆಟ್ಟಿ.

"ಅಂಗಡಿ ಮೇಡಂ, ನನ್ನ ನೋಡ್ರಿ. ಪಟ್ಟಿ ಬಂದಾಗಿಂದ ಒಂದ ದಿನಾ ಕೆಂಪಾಗಿಲ್ಲ. ಹಳದಿ, ಅಷ್ಟ."

"ನಿಮಗ ಸಂಜಿ ಪಾಳಿ ಇಲ್ಲಲ್ಲರಿ ಸರ."

"ಅದೂ ಖರೇನ. ಆದ್ರ ಮೂರನೇ ಸಲ ಬೀಗ ಬಿತ್ತಂದ್ರ ನನ್ನ ಕೈಯಾಗ ಏನೂ ಇಲ್ಲ. ಮೀಟರ್ ತಪಾಸಣಿಯಾಗ ಒಂದು ಕುರ್ಚಿ ಖಾಲಿ ಐತಿ. ಅಲ್ಲೆ ಫ್ಯಾನೂ ಛಲೋ ತಿರಗತೈತಿ."

"ನಾ ಉಸಿರಾಟಾ ಮಾಡಾಕತ್ತೀನ್ರಿ. ನಾಕು ಎಣಿಸಿ ಒಳಗ, ಆರು ಎಣಿಸಿ ಹೊರಗ."

"ಮಾಡ್ರಿ, ಮಾಡ್ರಿ. ಆದ್ರ ಎಣಸೂವಾಗ ಫ್ರೀಕ್ವೆನ್ಸಿ ಕಡೆ ಯಾರು ನೋಡ್ತಾರಂತ ಧಾರವಾಡದವ್ರು ಕೇಳ್ಯಾರು, ಉತ್ತರಾ ತಯಾರ ಇಟ್ಕೋರಿ. ಅಲ್ಲಿಂದ ಪಟ್ಟಿ ಮಾಡಿದ ಡಾಕ್ಟರ ಮುಂದಿನ ವಾರ ಇಲ್ಲಿಗೆ ಬರಾವ್ರದಾರ."

*

ಬೆಟಗೇರಿಯ ಮನೆಯಲ್ಲಿ ನೀಲಾಂಬಿಕಾ ಅವರನ್ನು ಗಾಜಿನ ಸಾಮಾನಿನಂತೆ ನೋಡಿಕೊಳ್ಳುತ್ತಿದ್ದರು. ಅತ್ತೆ ಶಂಕ್ರವ್ವ ಕುಕ್ಕರ್ ಬಿಟ್ಟು ಪಾತೇಲಿಯಲ್ಲಿ ಬೇಳೆ ಬೇಯಿಸುತ್ತಿದ್ದರು. ಸೀಟಿ ಕೇಳಿ ಸೊಸೆ ಬೆಚ್ಚಬಾರದಲ್ಲ. ಟಿ.ವಿ.ಗೆ ದನಿ ಇರಲಿಲ್ಲ. ನೆಂಟರ ಜಗಳ, ಸೋರುವ ನಲ್ಲಿ ಯಾವುದನ್ನೂ ಅವರ ಕಿವಿಗೆ ಹಾಕುತ್ತಿರಲಿಲ್ಲ. ಆ ರಾತ್ರಿ ಪಾಳಿ ಮುಗಿಸಿ ಬಂದು ಮೊಸರಿಗೆಂದು ಫ್ರಿಜ್ ತೆಗೆದ ನೀಲಾಂಬಿಕಾ ಒಳಗೆ ಉಳ್ಳಾಗಡ್ಡಿ ತುಂಬಿರುವುದನ್ನು ಕಂಡರು.

"ಅತ್ತಿ, ಇದೇನಿದು?"

"ಏನಿಲ್ಲವಾ, ಗಾಳಿ ಆಡ್ಲಿ ಅಂತ ಇಟ್ಟೀನಿ."

"ಫ್ರಿಜ್ ಕೆಟ್ಟೇತೇನು?"

ಶಂಕ್ರವ್ವ ಸೊಸೆಯ ಮಣಿಕಟ್ಟು ನೋಡಿದರು. ಹಳದಿ. "ಸ್ವಲ್ಪ ಕೆಟ್ಟೇತಿ" ಎಂದರು.

"ಯಾವಾಗಿಂದ?"

"ಹೋದ ಅಮಾಸಿಯಿಂದ. ನೀ ಲಿಂಬು ಶರಬತ್ತು ಕುಡಿ ಮೊದ್ಲ."

ನೀಲಾಂಬಿಕಾ ಶರಬತ್ತು ಹಿಡಿದು ಹೊರಗಿನ ಕಟ್ಟೆಗೆ ಬಂದರು. ಅವರನ್ನು ಕಾಡುತ್ತಿದ್ದದ್ದು ಫ್ರಿಜ್ ಅಲ್ಲ. ತನ್ನ ಮನೆಯ ಸುದ್ದಿ ತನಗೆ ಕೊನೆಯಲ್ಲಿ ತಿಳಿಯುತ್ತಿದೆ. ಇನ್ನೊಂದು ಬೀಗ ಬಿದ್ದರೆ ತನ್ನ ಮೇಜೂ ತನ್ನದಲ್ಲ. ಎದೆ ಬಡಿಯುತ್ತಿದ್ದರೆ ರೋಗ ಎಂದು ಎಲ್ಲರೂ ಹೇಳುತ್ತಿದ್ದುದನ್ನು ಈಗ ಅವರೂ ನಂಬಿದ್ದರು. ಮೆಟ್ಟಿಲು ಹತ್ತಿ ಎದೆ ಬಡಿದರೂ ಪಟ್ಟಿ ನೋಡಿಕೊಳ್ಳುತ್ತಿದ್ದರು.

*

ಧಾರವಾಡದ ಪ್ರಯೋಗಾಲಯದಲ್ಲಿ ಡಾ. ನಿಸಾರ್ ಸೌದಾಗರ್ ಅವರ ಗೋಡೆಯ ತುಂಬ ರಾಜ್ಯದ ನಕ್ಷೆ ಇತ್ತು. ಕೆಂಪಾದ ಪ್ರತಿ ಪಟ್ಟಿಗೂ ಒಂದು ಚುಕ್ಕೆ. ಗದಗಿನ ಆ ಕೊಠಡಿಯ ಮೇಲೆ ಚುಕ್ಕೆಗಳು ಒಂದರ ಮೇಲೊಂದು ಬಿದ್ದು ಮಸಿ ಚೆಲ್ಲಿದಂತೆ ಕಾಣುತ್ತಿತ್ತು. ಆದರೆ ಆ ಕೊಠಡಿಯ ಸಂಜೆ ಪಾಳಿಯವರಲ್ಲಿ ಒಬ್ಬರಿಗೂ ಹೃದಯದ ಕಾಯಿಲೆ ಇರಲಿಲ್ಲ. ಇನ್ನೂ ಬಂದಿಲ್ಲ, ಬರುತ್ತದೆ ಎಂದುಕೊಂಡರು ಸೌದಾಗರ್.

ಅವರ ತಂದೆ ಬಸ್ ಚಾಲಕರಾಗಿದ್ದರು. ಒಂದು ಮಧ್ಯಾಹ್ನ ಬಸ್ಸನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟವರು ಏಳಲಿಲ್ಲ. ಜೋರಾಗಿ ಮಾತಾಡದ, ಯಾವುದಕ್ಕೂ ಬೆವರದ ಮನುಷ್ಯ. ಯಾರಿಗಾದರೂ ಮೊದಲೇ ತಿಳಿದಿದ್ದರೆ ಅವರನ್ನು ಬಸ್ಸಿನಿಂದ ಇಳಿಸಬಹುದಿತ್ತು ಎಂಬ ಒಂದೇ ಯೋಚನೆಯಿಂದ ಪಟ್ಟಿ ಹುಟ್ಟಿತ್ತು. ಅದು ಸಾವಿರಾರು ಜನರನ್ನು ಉಳಿಸಿದ್ದೂ ನಿಜ. ಆದ್ದರಿಂದ ಗದಗಿನ ಮಸಿಯ ಕಲೆಯನ್ನು ಅವರು ಸುಮ್ಮನೆ ಬಿಡುವಂತಿರಲಿಲ್ಲ.

*

ನೀಲಾಂಬಿಕಾ ಅವರ ಗಂಡ ಗುರುಪಾದ ನಾಟಕ ಕಂಪನಿಯಲ್ಲಿ ಮೂವತ್ತು ವರ್ಷದಿಂದ ಖಳನ ಪಾತ್ರ ಮಾಡುತ್ತಿದ್ದವರು. ಆ ಹಂಗಾಮಿನಲ್ಲಿ ಕ್ರೂರ ಪಾಳೆಗಾರನ ಪಾತ್ರ. ರವಿವಾರ ಮಧ್ಯಾಹ್ನದ ಆಟಕ್ಕೆ ನೀಲಾಂಬಿಕಾ ಬುತ್ತಿ ತೆಗೆದುಕೊಂಡು ಹೋದಾಗ ಅವರು ಪರದೆಯ ಹಿಂದೆ ನಿಂತಿದ್ದರು. ಹಣೆಯಲ್ಲಿ ಬೆವರು, ಕಣ್ಣು ಕೆಂಪು, ಮೀಸೆ ನಡುಗುತ್ತಿತ್ತು.

"ರೀ, ಆರಾಮಿಲ್ಲೇನು? ಪಟ್ಟಿ ಎಲ್ಲಿ?"

ಗುರುಪಾದ ಎಡಗೈ ಎತ್ತಿದರು. ಮಣಿಕಟ್ಟಿನ ಮೇಲೆ ಗೇಣುದ್ದದ ಕಡಗ: ರಟ್ಟಿನದು, ಮೇಲೆ ಬಂಗಾರದ ಬೇಗಡೆ, ಒಳಗೆ ಹತ್ತಿ ತುಂಬಿದ ಮಖಮಲ್ಲು. ಪಟ್ಟಿ ಅದರ ಅಡಿಯಲ್ಲಿತ್ತು.

"ಕೆಂಪಾಗಿದ್ರ?"

"ಆಗಿರ್ತೈತಿ. ನನಗೇನು ಕಾಣತೈತೇನು?"

"ಹಂಗ ಮುಚ್ಚಬಾರದಲ್ಲರಿ!"

"ಕೇಳ ಇಲ್ಲೆ. ಪಟ್ಟಿ ಬಂದ ಹೊಸದಾಗ, ನಾ ಕತ್ತಲ್ಯಾಗ ಕಠಾರಿ ಹಿಡಕೊಂಡು ದೊರೀ ಮಂಚದ ಕಡೆ ಹೊಂಟೀನಿ. ಕೈಯಾಗ ಕೆಂಪು ದೀಪ! ಕೀಂ ಕೀಂ! ಹಿಂದಿನ ಸಾಲಿನಿಂದ ಒಬ್ಬಾಂವ ಒದರಿದ, 'ಪಾಳೇಗಾರ್ರ, ಮನೀಗ ಹೋಗಿ ಮಲಕೋರಿ, ನಾಳೆ ಕೊಲ್ಲೀರಂತ!'"

ನೀಲಾಂಬಿಕಾಗೆ ನಗು ಬಂತು. ಗುರುಪಾದ ನಗಲಿಲ್ಲ.

"ಜನ ನಕ್ಕದ್ದಕ್ಕ ಅಲ್ಲ. ಆ ಕೆಂಪು ನೋಡಿದ ಕೂಡ್ಲೆ ನನ್ನ ಕೈ ತಣ್ಣಗಾತು. ಬಾಯಿ ಒಣಗ್ತು. ಮೂವತ್ತು ವರ್ಷ ಆಡಿದ ಮಾತು ಮರತೆ. ಅದಕ್ಕ ಮುಚ್ಚಿದೆ, ಹತ್ತಿಯೊಳಗ ಸಪ್ಪಳಾನೂ ಕೇಳಂಗಿಲ್ಲ. ಮುಚ್ಚಿದ ಮ್ಯಾಲ ಮಾತು ತಿರುಗಿ ಬಂತು. ಕಂಪನಿಯಾಗ ಎಲ್ಲಾರೂ ಹಂಗ ಮಾಡ್ತೀವಿ. ರಾಣಿ ಪಾರ್ಟಿನಾಕಿ ಬಳಿ ಹಾಕ್ಕೋತಾಳ."

"ಎದಿ ಹೊಡಕೋಳೂದು?"

"ಅದು ಹೊಡಕೋಬೇಕ! ಅದು ಪಾಳೇಗಾರ ಬರೂ ಸಪ್ಪಳಾ. ಅದು ಬರಲಿಲ್ಲಂದ್ರ ರಂಗದ ಮ್ಯಾಲ ಹೋಗಾಂವ ಬರೇ ಗುರುಪಾದ. ಅವನ್ನ ನೋಡಾಕ ಯಾರು ಬರ್ತಾರ?"

ಗಂಟೆ ಬಡಿಯಿತು. ಗುರುಪಾದ ರಂಗದ ಕಡೆ ಹೊರಟರು. ಹೋಗುವಾಗ ಬಲಗೈಯ ಕಡಗ ಬಿಗಿಯಾಗುತ್ತದೆಂದು ತೆಗೆದು ಹೆಂಡತಿಯ ಮಡಿಲಿಗೆ ಹಾಕಿದರು. ಆಟ ಮುಗಿಯುವ ಮೊದಲೇ ನೀಲಾಂಬಿಕಾ ಮನೆಗೆ ಹೊರಟರು. ಕಡಗ ಬುತ್ತಿಯ ಚೀಲದಲ್ಲಿತ್ತು.

*

ಸೋಮವಾರ ಡಾ. ಸೌದಾಗರ್ ಬಂದು, ನೀಲಾಂಬಿಕಾ ಅವರ ಹಿಂದೆ ಒಂದು ಕುರ್ಚಿ ಹಾಕಿಸಿಕೊಂಡು ಲ್ಯಾಪ್‌ಟಾಪ್ ತೆರೆದು ಕುಳಿತರು. ಎಲ್ಲರ ಪಟ್ಟಿಯ ಅಂಕಿಗಳೂ ಅದಕ್ಕೆ ನೇರ ಬರುತ್ತಿದ್ದವು. ಕೊಠಡಿಯ ಏಸಿಗೆ ನೀಲಾಂಬಿಕಾ ಯಾವಾಗಲೂ ಸ್ವೆಟರ್ ಹಾಕುತ್ತಿದ್ದರು. ಇವತ್ತು ಅದರ ಎಡತೋಳಿನೊಳಗೆ ಪಾಳೆಗಾರನ ಕಡಗ ಇತ್ತು. ತಾನು ಮಾಡುತ್ತಿರುವುದು ಮೋಸ ಎಂದು ಅವರಿಗೆ ಗೊತ್ತಿತ್ತು. ದೀಪ ಕಾಣದಿದ್ದರೂ ಗಣಕಕ್ಕೆ ಅಂಕಿ ಹೋಗುತ್ತದೆ, ಎರಡು ನಿಮಿಷಕ್ಕೆ ಬೀಗ ಬಿದ್ದೇ ಬೀಳುತ್ತದೆ ಎಂಬುದೂ ಗೊತ್ತಿತ್ತು. ಆದರೂ ಹಾಕಿಕೊಂಡಿದ್ದರು. ಕೊನೆಯ ಸಲವಾದರೂ ಕೀಂ ಕೀಂ ಕೇಳದೆ ಕೆಲಸ ಮಾಡಬೇಕೆನಿಸಿತ್ತು.

ದಕ್ಷಿಣದಿಂದ ಬರುವ ದೊಡ್ಡ ತಂತಿಮಾರ್ಗ ದುರಸ್ತಿಯಲ್ಲಿತ್ತು. ಉತ್ತರದ ಜಾಲ ಆ ದಿನ ಒಂಟಿ. ಹೊತ್ತು ಇಳಿಯತೊಡಗಿದಾಗ ಕಪ್ಪತಗುಡ್ಡದ ಕಡೆ ಮೋಡ ಕಟ್ಟಿತು. ಗಾಳಿ ಎದ್ದಿತು.

"ಅಕ್ಕಾರ, ಗಾಳಿಯಂತ್ರ ಮಸ್ತ ಓಡಾಕತ್ತಾವ್ರಿ" ಎಂದ ಫಕೀರೇಶ, ಏರುತ್ತಿದ್ದ ಗೆರೆ ನೋಡಿ ಖುಷಿಯಿಂದ.

"ಓಡ್ಲಿ. ಇನ್ನ ಸ್ವಲ್ಪ ಜೋರಾದ್ರ ನಿಲ್ತಾವ."

ಗಾಳಿ ಒಂದು ಮಿತಿ ದಾಟಿದರೆ ರೆಕ್ಕೆ ಮುರಿಯದಿರಲೆಂದು ಗಾಳಿಯಂತ್ರಗಳು ತಾವೇ ನಿಂತುಬಿಡುತ್ತವೆ. ಅವರು ಹೇಳಿ ಮುಗಿಸಿರಲಿಲ್ಲ, ಗುಡ್ಡದ ಪಡುವಣ ಸಾಲು ಪೂರ್ತಿ ನಿಂತಿತು. ಏರುತ್ತಿದ್ದ ಗೆರೆ ಕಡಿದು ಬಿತ್ತು. ಹಿಂದೆಯೇ ಎರಡನೆಯ ಸಾಲು. ಆವರ್ತನ ನಲವತ್ತೊಂಬತ್ತು ಮುಕ್ಕಾಲು. ನಲವತ್ತೊಂಬತ್ತೂವರೆ.

ನೀಲಾಂಬಿಕಾ ಕುರ್ಚಿ ಹಿಂದೆ ತಳ್ಳಿ ಎದ್ದರು. ಎದೆ ಡಬಡಬ ಬಡಿಯಿತು. ಪಾಳೇಗಾರ ಬರೂ ಸಪ್ಪಳಾ ಎಂದುಕೊಂಡರು.

"ಬ್ಯಾಟರಿ ಕೇಂದ್ರ? ಅರ್ಧಾ ಬಿಡ್ರಿ. ಅರ್ಧಾನ, ಎಲ್ಲಾ ಬ್ಯಾಡ. ಫಕೀರೇಶ, ಮೂಡಲ ಪಂಪ್‌ಸೆಟ್ ಸಾಲು ತಗಿ. ಒಂದೊಂದ ತಗಿ, ಗಡಿಬಿಡಿ ಮಾಡಬ್ಯಾಡ. ಅಣೆಕಟ್ಟಿನವ್ರೇನ್ರಿ? ಮೂರನೇ ಯಂತ್ರ ಎಷ್ಟೊತ್ತು?"

"ನಾಕು ನಿಮಿಷ ಬೇಕ್ರಿ ಮೇಡಂ" ಎಂದಿತು ಫೋನು.

"ನಾಕು ಕೊಟ್ಟೆ. ಐದು ಕೇಳಬ್ಯಾಡ್ರಿ."

ಮೂರನೆಯ ಸಾಲೂ ನಿಂತಿತು. ನಲವತ್ತೊಂಬತ್ತು ಪಾಯಿಂಟ್ ಮೂರು. ಪಾಯಿಂಟ್ ಎರಡಕ್ಕೆ ಬಂದರೆ ಊರುಗಳು ತಾವಾಗಿ ಕತ್ತಲಾಗುತ್ತವೆ. ಹಿಂದಿನ ಸಲ ಬೀಗ ಬಿದ್ದದ್ದು ಇಲ್ಲಿಯೇ. ಫಕೀರೇಶ ತನ್ನ ಪರದೆ ಬಿಟ್ಟು ಅವರ ಮೇಜಿನ ಬೀಗದ ಗುರುತು ನೋಡುತ್ತಿದ್ದ.

"ಅಲ್ಲೇನು ನೋಡ್ತಿ? ಪಂಪ್‌ಸೆಟ್ ತಗಿ ಅಂದ್ರ! ಬ್ಯಾಟರಿಯವ್ರ, ಉಳದರ್ಧಾ ಈಗ ಬಿಡ್ರಿ."

ಅಂಕಿ ನಿಂತಿತು. ಅಣೆಕಟ್ಟಿನ ಮೂರನೇ ಯಂತ್ರ ಜಾಲಕ್ಕೆ ಬಂದಾಗ ಅಂಕಿ ನಿಧಾನ ಮೇಲೆದ್ದಿತು. ಅರ್ಧ, ಮುಕ್ಕಾಲು, ಐವತ್ತು.

ಒಂದು ಊರೂ ಕತ್ತಲಾಗಿರಲಿಲ್ಲ. ಪಂಪ್‌ಸೆಟ್‌ಗಳು ಅರ್ಧ ತಾಸು ನಿಂತವು, ಅಷ್ಟೇ. ಮೇಜಿಗೆ ಬೀಗ ಬಿದ್ದಿರಲಿಲ್ಲ.

ಅದು ನೀಲಾಂಬಿಕಾ ಅವರಿಗೆ ಅರ್ಥವಾಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ಹಿಂದಿನಿಂದ ಸೌದಾಗರ್ ಕೇಳಿದರು:

"ಮೇಡಂ, ನಿಮ್ಮ ಪಟ್ಟಿ ತೋರಸ್ತೀರೇನು?"

ಮುಗಿಯಿತು ಎಂದುಕೊಂಡು ಅವರು ತೋಳು ಮೇಲೆ ಸರಿಸಿದರು. ಬೇಗಡೆ ಸ್ವೆಟರಿನ ನೂಲಿಗೆ ಸಿಕ್ಕಿ ಹರಿಯಿತು. ಬಂಗಾರದ ಬಣ್ಣದ ಕಡಗ ನೋಡಿ ಸೌದಾಗರ್ ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

"ಏನ್ರಿ ಇದು?"

"ಪಾಳೇಗಾರಂದ್ರಿ. ಅಂದ್ರ, ನಮ್ಮ ಮನಿಯವರ್ದು. ಕೆಂಪು ಕಾಣಬಾರದಂತ ಹಾಕ್ಕೊಂಡಿದ್ದೆ. ತಪ್ಪಾತ್ರಿ. ಮೀಟರ್ ತಪಾಸಣಿಗೆ ನಾಳಿಂದಾನ ಹೊಕ್ಕೀನಿ."

"ಹೋಗಬ್ಯಾಡ್ರಿ. ಇಲ್ಲಿ ಬಂದು ಕೂಡ್ರಿ."

ಲ್ಯಾಪ್‌ಟಾಪಿನಲ್ಲಿ ಎರಡು ಸಂಜೆಗಳ ಗೆರೆಗಳಿದ್ದವು: ಎರಡನೇ ಬೀಗ ಬಿದ್ದ ದಿನದ್ದು ಮೇಲೆ, ಇವತ್ತಿನದು ಕೆಳಗೆ. ಎದೆಬಡಿತದ ಗೆರೆ ಎರಡರಲ್ಲೂ ಒಂದೇ ಎತ್ತರಕ್ಕೆ ಏರಿತ್ತು; ಇವತ್ತಿನದು ಕೊಂಚ ಮೇಲೆಯೇ.

"ಇದು ರಕ್ತನಾಳದ ಗೆರಿ. ಇವತ್ತು ನೋಡ್ರಿ, ನಾಳ ಬಿಚ್ಚಿಕೊಂಡ ಅದಾವ. ಎದಿ ಜೋರು ಓಡೇತಿ, ರಕ್ತ ಮಿದುಳಿಗೆ, ಕೈಗೆ ಸರಾಗ ಹೋಗೇತಿ. ಅಂಕಿ ಒಂದು ಗಳಿಗಿ ಕೆಂಪಿಗೆ ಮುಟ್ಟಿ ಇಳದೈತಿ. ಅದಕ್ಕ ಬೀಗ ಬಿದ್ದಿಲ್ಲ. ನೀವು ನಮ್ಮ ಯಂತ್ರಕ್ಕ ಮೋಸ ಮಾಡಿಲ್ಲ."

"ಆವತ್ತು?"

ಸೌದಾಗರ್ ಮೇಲಿನ ಗೆರೆಯ ಮೇಲೆ ಬೆರಳಿಟ್ಟರು. ಎದೆ ಓಡುತ್ತಿದ್ದಾಗಲೂ ನಾಳಗಳು ತೆರೆದೇ ಇದ್ದವು. ಒಂದು ಬಿಂದುವಿನಲ್ಲಿ ಅವು ಥಟ್ಟನೆ ಬಿಗಿದಿದ್ದವು. ಅಲ್ಲಿಂದ ಅಂಕಿ ಇಳಿಯಲೇ ಇಲ್ಲ. ಆ ಬಿಂದುವಿನ ಹೊತ್ತನ್ನು ಅವರು ಬಾಯಿಬಿಟ್ಟು ಓದಲಿಲ್ಲ, ಪಕ್ಕದಲ್ಲಿದ್ದ ಇನ್ನೊಂದು ಗುರುತಿನ ಜತೆ ಹೋಲಿಸಿದರು. ಅದು ಪಟ್ಟಿ ಕೀಂ ಎಂದ ಹೊತ್ತು.

ಅವರು ಪರದೆಯಿಂದ ಬೆರಳು ತೆಗೆದರು.

"ನಾ ಇದನ್ನ ಒತ್ತಡಾ ಅಳತಿ ಮಾಡ್ಲಿ ಅಂತ ಮಾಡಿದ್ನಿ" ಎಂದರು. "ಇದು ಒತ್ತಡಾ ಹುಟ್ಟಸಾಕತ್ತಿತ್ತು."

*

ಒಬ್ಬರ ಒಂದು ಸಂಜೆಯಿಂದ ಏನೂ ಸಾಬೀತಾಗುವುದಿಲ್ಲ. ಸೌದಾಗರ್ ಅದನ್ನು ಬಲ್ಲವರು. ಮಳೆಗಾಲವಿಡೀ ಅವರು ಚಾಲಕರು, ಶುಶ್ರೂಷಕಿಯರು, ನಾಟಕದವರು ಹೀಗೆ ನಾನಾ ಕೆಲಸದವರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದರು. ಒಂದು ಗುಂಪಿನ ಪಟ್ಟಿಗೆ ದೀಪವಿತ್ತು. ಇನ್ನೊಂದಕ್ಕೆ ದೀಪವೂ ಸದ್ದೂ ಇರಲಿಲ್ಲ. ಬದಲಿಗೆ ಪಾಳಿಗೆ ಮುನ್ನ ಒಂದು ಮಾತು ಹೇಳಲಾಗುತ್ತಿತ್ತು, ಎದೆ ಬಡಿದುಕೊಂಡರೆ ಅದು ಕೆಲಸಕ್ಕೆ ಬೇಕಾದ ರಕ್ತವನ್ನು ತರುತ್ತಿದೆ ಎಂದು. ಎರಡನೇ ಗುಂಪಿನಲ್ಲಿ ಎದೆ ಅಷ್ಟೇ ಬಡಿಯಿತು. ನಾಳಗಳು ಬಿಗಿದದ್ದು ಬಹಳ ಕಡಿಮೆ. ತಪ್ಪುಗಳೂ ಕಡಿಮೆ.

ಎರಡು ಅಂಕಿಗಳನ್ನು ಕೂಡಿಸದೆ ಬೇರೆ ಬೇರೆ ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಕೆಲವರ ಎದೆ ಎಂದೂ ಓಡುವುದಿಲ್ಲ, ಆದರೆ ನಾಳಗಳು ದಿನವಿಡೀ, ಮಲಗಿದಾಗಲೂ ಬಿಗಿದೇ ಇರುತ್ತವೆ. ಕೂಡಿಸಿದರೆ ಅಂಕಿ ಹಳದಿಯಲ್ಲಿ ನಿಲ್ಲುತ್ತದೆ. ಅಂಥವರನ್ನು ಪಟ್ಟಿ ಎಂದೂ ಹಿಡಿದಿರಲಿಲ್ಲ. ಆ ಹೆಸರುಗಳಲ್ಲಿ ಪಟ್ಟಣಶೆಟ್ಟಿಯವರದೂ ಇತ್ತು. ಸೌದಾಗರ್ ತಾವೇ ಫೋನ್ ಮಾಡಿದರು. ರಕ್ತದೊತ್ತಡ ಕಂಡು ವೈದ್ಯರು ಅದೇ ದಿನ ಗುಳಿಗೆ ಶುರು ಮಾಡಿದರು, ಒಂದು ತಿಂಗಳು ರಜೆ ಬರೆದರು. ಫೋನಿಟ್ಟ ಮೇಲೆ ಸೌದಾಗರ್ ಗೋಡೆಯ ಮೇಲಿನ ತಂದೆಯ ಚಿತ್ರ ನೋಡುತ್ತ ಕುಳಿತಿದ್ದರು. ತಂದೆಯೂ ಹಳದಿಯವರೇ ಇರಬೇಕು. ಹಳೆಯ ಪಟ್ಟಿ ಅವರನ್ನು ಉಳಿಸುತ್ತಿರಲಿಲ್ಲ, ಹೊಸದು ಉಳಿಸಬಹುದಿತ್ತು.

ರಜೆ ಮುಗಿಸಿ ಬಂದ ಪಟ್ಟಣಶೆಟ್ಟಿ ಕೊಠಡಿಯ ಬಾಗಿಲಲ್ಲೇ ನಿಂತು, ಯಾರದೋ ತಪ್ಪಿಗೆ ಜೀವಮಾನದಲ್ಲಿ ಮೊದಲ ಸಲ ದನಿ ಎತ್ತಿ ಬೈದರು. ಎಲ್ಲರೂ ಎದ್ದು ನೋಡಿದರು. ಅವರೇ ನಕ್ಕುಬಿಟ್ಟರು.

ಹೊಸ ಪಟ್ಟಿಗೆ ದೀಪವಿಲ್ಲ. ಬರಿಯ ಎದೆಬಡಿತಕ್ಕೆ ಯಾರ ಮೇಜಿಗೂ ಬೀಗ ಬೀಳುವುದಿಲ್ಲ. ನಾಳಗಳು ವಾರಗಟ್ಟಲೆ ಬಿಗಿದಿದ್ದರೆ ವೈದ್ಯರಿಂದ ಕರೆ ಬರುತ್ತದೆ. ನೀಲಾಂಬಿಕಾ ಅವರ ಎರಡು ಬೀಗಗಳನ್ನು ದಾಖಲೆಯಿಂದ ತೆಗೆದರು. ಹೊತ್ತು ಇಳಿಯುವಾಗ ಅವರು ಕುರ್ಚಿ ಹಿಂದೆ ತಳ್ಳಿದರೆ, ಪಕ್ಕದ ಮೇಜಿನಲ್ಲಿ ಫಕೀರೇಶನೂ ಈಗ ತಳ್ಳುತ್ತಾನೆ.

"ಅಕ್ಕಾರ, ಬಂತೇನ್ರಿ?"

"ಬಂತಪಾ. ನಿನಗ?"

"ಡಬಡಬ ಅನ್ನಾಕತ್ತೇತ್ರಿ."

"ಹಂಗಾರ ಪಂಪ್‌ಸೆಟ್ ಇವತ್ತು ನೀ ನೋಡ್ಕೋ."

ಪಾಳೆಗಾರನ ಬಲಗೈಯ ಕಡಗ ಧಾರವಾಡದ ಪ್ರಯೋಗಾಲಯದ ಕಪಾಟಿನಲ್ಲಿದೆ. ಅದನ್ನು ಮರಳಿಸಲು ಸೌದಾಗರ್ ಇನ್ನೂ ಒಪ್ಪಿಲ್ಲ. ಒಂದೇ ಕೈಗೆ ಕಡಗ ಹಾಕುವ ಪಾಳೆಗಾರನನ್ನು ನೋಡಿ ಜನ ಅದೂ ಕಥೆಯೊಳಗಿನ ಸಂಗತಿ ಎಂದುಕೊಂಡಿದ್ದಾರೆ.

ಆ ದಿನ ಪಾಳಿ ಮುಗಿಸಿ ನೀಲಾಂಬಿಕಾ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹಾಕುತ್ತಿತ್ತು. ಶಂಕ್ರವ್ವ ಸೊಸೆಯ ಮಣಿಕಟ್ಟಿನ ಕಡೆ ನೋಡಲೇ ಇಲ್ಲ.

"ಬಂದೇನು? ಕೇಳಿಲ್ಲೆ. ಮಿಕ್ಸರ್ ಸುಟ್ಟೈತಿ. ಮ್ಯಾಲಿನ ನೀರಿನ ಟಾಕಿ ಸೋರಾಕತ್ತೈತಿ. ನಿನ್ನ ನಾದಿನಿ ಮುನಿಸಿಕೊಂಡು ಬಂದು ಒಳಗ ಮಕ್ಕೊಂಡಾಳ. ನಿನ್ನ ಗಂಡಗ ಇನ್ನೊಂದು ಕಡಗಾ ಬೇಕಂತ."

"ಇಷ್ಟನೋ, ಇನ್ನೂ ಐತೋ ಅತ್ತಿ?"

"ಉಂಡ ಮ್ಯಾಲ ಹೇಳ್ತೀನಿ."

ನೀಲಾಂಬಿಕಾ ಸೆರಗು ಸಿಕ್ಕಿಸಿಕೊಂಡು, ಟಾಕಿ ನೋಡಲು ಮೆಟ್ಟಿಲು ಹತ್ತಿದರು. ಹತ್ತುವಾಗ ಎದೆ ಬಡಿಯಿತು. ಅವರು ಪಟ್ಟಿ ನೋಡಿಕೊಳ್ಳಲಿಲ್ಲ.